ಕಾರಟಗಿಯ ಭತ್ತದ ಲೆಕ್ಕ: ಒಂದು ಪೈಥಾನ್ ಪ್ರೋಗ್ರಾಂ ರಿಪೇರಿ

ನಮ್ಮ ಓಣಿಯ ಹುಡುಗಿ ಬಿಸಿಎ ಓದುತ್ತಿದ್ದಾಳೆ. ಅವರ ಮನೆಯದು ಕಾರಟಗಿಯಲ್ಲಿ ಭತ್ತದ ದಲಾಲಿ ಅಂಗಡಿ. ಸುಗ್ಗಿ ಬಂತೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಿಂದ ಟ್ರಾಕ್ಟರ್‌ಗಳು ಸಾಲು ಹಚ್ಚುತ್ತವೆ. ಅಂಗಡಿಯ ಗುಮಾಸ್ತರು ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಸುಸ್ತಾಗುವುದನ್ನು ನೋಡಿ, ಅವಳು ಪೈಥಾನ್‌ನಲ್ಲಿ ಒಂದು ಲೆಕ್ಕದ ಪ್ರೋಗ್ರಾಂ ಬರೆದಳು. ಒಳ್ಳೆಯ ಕೆಲಸ. ಆದರೆ ಅಂಗಡಿಯಲ್ಲಿ ಅದು ಬಾಳಲಿಲ್ಲ.

"ಕಾಕಾ, ನಾ ಕುಂತ್ರ ಸರಿ ನಡೀತೈತಿ. ಗುಮಾಸ್ತರು ಕುಂತ್ರ ಬರೀ ಕೆಂಪು ಅಕ್ಷರ ಬರ್ತಾವ. ಅವರಿಗೆ ಟೈಪ್ ಮಾಡಾಕ ಬರಂಗಿಲ್ಲ ಅನಸ್ತೈತಿ" ಎಂದಳು.

ಗುಮಾಸ್ತರಿಗೆ ಚೆನ್ನಾಗಿಯೇ ಟೈಪ್ ಮಾಡಲು ಬರುತ್ತದೆ. ಪ್ರೋಗ್ರಾಮಿಗೆ ಓದಲು ಬರುತ್ತಿರಲಿಲ್ಲ. ನಾವಿಬ್ಬರೂ ಕೂತು ಅದನ್ನು ಒಂದೊಂದೇ ಸಾಲಾಗಿ ಬಿಚ್ಚಿ ಸರಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ಹೆಚ್ಚಾಗಿ ಎಡವುವುದು ಇದೇ ಜಾಗದಲ್ಲಿ. ಲೆಕ್ಕದ ಸೂತ್ರ ಸರಿ ಇರುತ್ತದೆ, ಆದರೆ ಮನುಷ್ಯ ಟೈಪ್ ಮಾಡಿದ್ದು ಆ ಸೂತ್ರದವರೆಗೆ ಸರಿಯಾಗಿ ತಲುಪುವುದಿಲ್ಲ.

ಲೆಕ್ಕ ಹೀಗಿದೆ. ಭತ್ತ ತುಂಬಿದ ಟ್ರಾಕ್ಟರ್ ಮೊದಲು ಕಾಟಾ ಮೇಲೆ ಹತ್ತುತ್ತದೆ. ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಮತ್ತೆ ತೂಗುತ್ತಾರೆ. ಎರಡನ್ನೂ ಕಳೆದರೆ ಭತ್ತದ ತೂಕ. ನಮ್ಮ ಕಡೆ ಭತ್ತದ ದರ ಹೇಳುವುದು 75 ಕೆಜಿ ಚೀಲಕ್ಕೆ. ತುಂಬಿದ ಗಾಡಿ 9,480, ಖಾಲಿ ಗಾಡಿ 3,230 ಎಂದಿಟ್ಟುಕೊಳ್ಳಿ. ಭತ್ತ 6,250 ಕೆಜಿ, ಅಂದರೆ 83 ಚೀಲ ಮತ್ತು ಮೇಲೆ 25 ಕೆಜಿ. ಚೀಲಕ್ಕೆ 1,700 ರೂಪಾಯಿ ಇದ್ದರೆ ಒಟ್ಟು 1,41,666 ರೂಪಾಯಿ 67 ಪೈಸೆ. ಹಮಾಲಿ, ದಲಾಲಿ ಎಲ್ಲ ಆಮೇಲೆ.

ಇದಕ್ಕೆ ಬೇಕಾದ ಇನ್‌ಪುಟ್ ಮೂರೇ ಸಂಖ್ಯೆ, ಒಂದು ಹೆಸರು, ಕೊನೆಗೊಂದು ಹೌದು-ಇಲ್ಲ. ಇಷ್ಟರಲ್ಲೇ ಇಷ್ಟೊಂದು ಸಿಕ್ಕು.

ಮೊದಲ ಸಿಕ್ಕು: ಸಂಖ್ಯೆಯಂತೆ ಕಾಣುವ ಅಕ್ಷರಗಳು

ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ಏನೇ ಕೇಳಲಿ, ಕೈಗೆ ಕೊಡುವುದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. 9480 ಎಂದು ಒತ್ತಿದರೂ ಅದು ನಾಲ್ಕು ಅಕ್ಷರ ಅಷ್ಟೇ. ಇದು ಅವಳಿಗೆ ಗೊತ್ತಿತ್ತು. ಕಳೆಯುವ ಸಾಲಿನಲ್ಲಿ ಎರಡಕ್ಕೂ ಇಂಟ್, ಅಂದರೆ ಅಕ್ಷರಗಳನ್ನು ಪೂರ್ಣಾಂಕ ಮಾಡುವ ಫಂಕ್ಷನ್, ಹಾಕಿದ್ದಳು, ಹಾಗಾಗಿ ಕಳೆಯುವ ಲೆಕ್ಕ ಸರಿಯಾಗಿ ಬರುತ್ತಿತ್ತು.

ಆದರೆ ಅದಕ್ಕೂ ಮೊದಲು ಒಂದು ತಪಾಸಣೆ ಇತ್ತು. ತುಂಬಿದ ಗಾಡಿಯ ತೂಕ ಖಾಲಿ ಗಾಡಿಗಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ "ತೂಕ ತಪ್ಪಾಗಿದೆ" ಎಂದು ಹೇಳಬೇಕು. ಯೋಚನೆ ಚೆನ್ನಾಗಿದೆ. ಆ ಸಾಲಿನಲ್ಲಿ ಮಾತ್ರ ಇಂಟ್ ಇರಲಿಲ್ಲ. ಪೈಥಾನ್ ಅಲ್ಲಿ ಎರಡು ಸ್ಟ್ರಿಂಗ್‌ಗಳನ್ನು ಹೋಲಿಸುತ್ತಿತ್ತು. ಸ್ಟ್ರಿಂಗ್ ಹೋಲಿಕೆ ನಡೆಯುವುದು ನಿಘಂಟಿನಲ್ಲಿ ಪದಗಳನ್ನು ಜೋಡಿಸಿದ ಹಾಗೆ, ಮೊದಲ ಅಕ್ಷರದಿಂದ. 9480 ಮತ್ತು 3230ರಲ್ಲಿ ಮೊದಲ ಅಕ್ಷರ 9, ಅದು 3ಕ್ಕಿಂತ ದೊಡ್ಡದು. ಪಾಸ್. ಟ್ರಾಕ್ಟರ್‌ಗಳು ಮಾತ್ರ ಬರುತ್ತಿದ್ದಷ್ಟು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ.

ಒಂದು ಲಾರಿ ಬಂತು. ತುಂಬಿದ್ದು 12350, ಖಾಲಿ 4100. ಮೊದಲ ಅಕ್ಷರ 1 ಮತ್ತು 4. ಒಂದು ನಾಲ್ಕಕ್ಕಿಂತ ಚಿಕ್ಕದು. ಹಾಗಾಗಿ ಸರಿಯಾದ ಲಾರಿಗೆ "ತೂಕ ತಪ್ಪಾಗಿದೆ" ಎಂಬ ಉತ್ತರ. ಗುಮಾಸ್ತರು ಮತ್ತೆ ಅದನ್ನೇ ಒತ್ತಿದರು, ಮತ್ತೆ ಅದೇ ಉತ್ತರ. ಲಾರಿಯವರು ಹಾರ್ನ್ ಹೊಡೆಯುತ್ತಿದ್ದರಂತೆ. ಕೊನೆಗೆ ಗುಮಾಸ್ತರು ಕ್ಯಾಲ್ಕುಲೇಟರ್ ತೆಗೆದರು.

ಇಂಥ ತಪ್ಪು ಅಪಾಯದ್ದು, ಏಕೆಂದರೆ ಕೆಂಪು ಅಕ್ಷರ ಬರುವುದೇ ಇಲ್ಲ. ಎರಡು ಸ್ಟ್ರಿಂಗ್ ಕಳೆಯಲು ಹೋದರೆ ಪೈಥಾನ್ ತಕ್ಷಣ ಟೈಪ್ ಎರರ್ ಕೊಟ್ಟು ನಿಲ್ಲುತ್ತದೆ. ಹೋಲಿಸಿದರೆ ಸುಮ್ನೆ ಒಂದು ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಕೂಡಿದರೂ ಅಷ್ಟೇ. ಒಬ್ಬ ರೈತರ ಎರಡು ಗಾಡಿಯ ತೂಕ ಕೂಡುವ ಕಡೆ 6250 ಮತ್ತು 5900 ಸೇರಿ 62505900 ಆಗಿತ್ತು. ಆರು ಕೋಟಿ ಕೆಜಿಗೂ ಜಾಸ್ತಿ! ಅಷ್ಟು ದೊಡ್ಡದಿದ್ದರಿಂದ ಕಣ್ಣಿಗೆ ಬಿತ್ತು. ಹೋಲಿಕೆಯ ತಪ್ಪು ಕಣ್ಣಿಗೆ ಬೀಳುವಂಥದ್ದಲ್ಲ.

ರಿಪೇರಿ ಸುಲಭ. ಬಳಸುವ ಜಾಗದಲ್ಲೆಲ್ಲ ಇಂಟ್ ಹಚ್ಚುವುದನ್ನು ಬಿಟ್ಟೆವು. ಟೈಪ್ ಮಾಡಿದ್ದು ಒಳಗೆ ಬರುವ ಬಾಗಿಲಲ್ಲೇ ಒಮ್ಮೆ ಸಂಖ್ಯೆ ಮಾಡಿಬಿಡುವುದು. ಅದರಾಚೆ ಇಡೀ ಪ್ರೋಗ್ರಾಮಿನಲ್ಲಿ ತೂಕ ಎಂದರೆ ಸಂಖ್ಯೆಯೇ. ಇದೊಂದು ಪದ್ಧತಿ ಹಿಡಿದರೆ ಇಂಥ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಮತ್ತೆ ಕೇಳುವ ಫಂಕ್ಷನ್, ಉತ್ತರ ನುಂಗುವ ಫಂಕ್ಷನ್

ಇದರಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ಕಲಿಯುವವರು ಇದನ್ನು ನಿಧಾನವಾಗಿ ಓದಬೇಕು ಎಂಬುದು ನನ್ನ ಆಸೆ.

ಗುಮಾಸ್ತರು ತಪ್ಪು ಒತ್ತಿದರೆ ಮತ್ತೆ ಕೇಳಬೇಕು ಎಂಬುದು ಅವಳಿಗೆ ಹೊಳೆದಿತ್ತು. ಅದಕ್ಕೆ "ತೂಕ ಕೇಳು" ಎಂಬ ಫಂಕ್ಷನ್ ಬರೆದಿದ್ದಳು. ಅದು ತೂಕ ಕೇಳುತ್ತದೆ. ಸರಿ ಇದ್ದರೆ ರಿಟರ್ನ್ ಮಾಡುತ್ತದೆ, ಅಂದರೆ ಕರೆದ ಸಾಲಿಗೆ ಉತ್ತರ ಕೊಡುತ್ತದೆ. ತಪ್ಪಿದ್ದರೆ "ಮತ್ತೆ ಹಾಕಿ" ಎಂದು ಹೇಳಿ, ತನ್ನನ್ನು ತಾನೇ ಇನ್ನೊಮ್ಮೆ ಕರೆಯುತ್ತದೆ. ಓದಿದರೆ ಎಲ್ಲ ಸರಿ ಅನಿಸುತ್ತದೆ ಅಲ್ವಾ?

ನಡೆಸಿ ನೋಡಿದೆವು. ಮೊದಲು ಬೇಕೆಂದೇ ತಪ್ಪು ಹಾಕಿದೆವು. "ಮತ್ತೆ ಹಾಕಿ" ಎಂದಿತು. ಈ ಸಲ ಸರಿಯಾಗಿ 9480 ಹಾಕಿದೆವು. ಪ್ರೋಗ್ರಾಂ ಮುಂದೆ ಹೋಯಿತು, ಖಾಲಿ ಗಾಡಿ ಕೇಳಿತು, 3230 ಕೊಟ್ಟೆವು. ಆಮೇಲೆ ಕಳೆಯುವ ಸಾಲಿನಲ್ಲಿ ಬಿತ್ತು. "ಏನೂ ಇಲ್ಲ" ಎಂಬರ್ಥದ ನನ್ ಟೈಪ್‌ನಿಂದ ಇಂಟ್ ಕಳೆಯಲು ಆಗುವುದಿಲ್ಲ ಎಂಬ ದೂರು. ಬಿದ್ದದ್ದು ಒಂದು ಕಡೆ, ಕಾರಣ ಇನ್ನೊಂದು ಕಡೆ. ಇದಕ್ಕೇ ಅವಳಿಗೆ ತಪ್ಪು ಹುಡುಕಲು ಆಗಿರಲಿಲ್ಲ.

ಆಗಿದ್ದು ಇಷ್ಟು. ಒಳಗಿನ ಎರಡನೇ ಕರೆ 9480 ಎಂಬ ಉತ್ತರವನ್ನು ಸರಿಯಾಗಿಯೇ ತಂದಿತ್ತು. ಆದರೆ ಅದನ್ನು ಕರೆದ ಸಾಲಿನ ಮುಂದೆ ರಿಟರ್ನ್ ಎಂಬ ಪದ ಇರಲಿಲ್ಲ. ಹಾಗಾಗಿ ತಂದ ಉತ್ತರ ಹೊರಗಿನ ಕರೆಗೆ ಸಿಕ್ಕು ಅಲ್ಲೇ ಕಳೆದುಹೋಯಿತು. ಏನನ್ನೂ ರಿಟರ್ನ್ ಮಾಡದ ಫಂಕ್ಷನ್‌ನಿಂದ ಪೈಥಾನ್ ಕೊಡುವುದು ನನ್, ಅಂದರೆ "ಏನೂ ಇಲ್ಲ". ತಪ್ಪು ಹಾಕಿದ ಮನುಷ್ಯ ತಿದ್ದಿಕೊಂಡಿದ್ದ, ಪ್ರೋಗ್ರಾಂ ಮಾತ್ರ ಆ ತಿದ್ದುಪಡಿಯನ್ನು ಎಸೆದುಬಿಟ್ಟಿತ್ತು.

ಅವಳೇ ಕಾಗದದ ಮೇಲೆ ಎರಡು ಚೌಕ ಬರೆದು, ಒಳಗಿನ ಚೌಕದಿಂದ ಹೊರಗಿನದಕ್ಕೆ ಬಾಣ ಎಳೆದಳು. ಹೊರಗಿನ ಚೌಕದಿಂದ ಆಚೆಗೆ ಬಾಣ ಎಳೆಯಲು ಹೋಗಿ ಕೈ ನಿಲ್ಲಿಸಿದಳು. "ಇಲ್ಲಿ ಬಾಣನ ಇಲ್ಲಲ್ಲ ಕಾಕಾ!" ಎಂದಳು. ನಾನು ಹೇಳಿಕೊಟ್ಟಿದ್ದಕ್ಕಿಂತ ಆ ಬಾಣ ಜಾಸ್ತಿ ಕಲಿಸಿತು.

ಆ ಸಾಲಿಗೆ ಒಂದು ರಿಟರ್ನ್ ಸೇರಿಸಿದರೆ ಕೆಲಸ ನಡೆಯುತ್ತದೆ. ಆದರೆ ಮತ್ತೆ ಮತ್ತೆ ಕೇಳುವ ಕೆಲಸಕ್ಕೆ ಫಂಕ್ಷನ್ ತನ್ನನ್ನೇ ಕರೆಯುವುದಕ್ಕಿಂತ ಲೂಪ್ ಒಳ್ಳೆಯದು. ಓದಲೂ ಸುಲಭ. ನಾವು ಬರೆದದ್ದು ಇದು. ಪೈಥಾನ್‌ನ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

    ಡೆಫ್ ತೂಕ_ಕೇಳು(ಪ್ರಶ್ನೆ):
        ವೈಲ್ ಟ್ರೂ:
            ಪಠ್ಯ = ಇನ್‌ಪುಟ್(ಪ್ರಶ್ನೆ)
            ಟ್ರೈ:
                ರಿಟರ್ನ್ ತೂಕ_ಓದು(ಪಠ್ಯ)
            ಎಕ್ಸೆಪ್ಟ್ ವ್ಯಾಲ್ಯೂಎರರ್ ಆ್ಯಸ್ ತಪ್ಪು:
                ಪ್ರಿಂಟ್(ತಪ್ಪು)

ತೂಕ_ಕೇಳು, ತೂಕ_ಓದು, ಪ್ರಶ್ನೆ, ಪಠ್ಯ, ತಪ್ಪು ಎಂಬ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಡಬಹುದು. ಪೈಥಾನ್ 3 ಬಂದಾಗಿನಿಂದ ಅದಕ್ಕೆ ಅವಕಾಶವಿದೆ. ಅವಳಿಗೆ ಇದು ಗೊತ್ತಿರಲಿಲ್ಲ, ಗೊತ್ತಾದ ಮೇಲೆ ತುಂಬಾ ಖುಷಿಪಟ್ಟಳು. ಒಂದು ಎಚ್ಚರ: ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಹಾಕುವ ಕಾಣದ ಅಕ್ಷರವೊಂದಿದೆ. "ಟ್ರಾಕ್ಟರ್‌ಗೆ" ಎಂಬಲ್ಲಿ "ರ್" ಮತ್ತು "ಗೆ" ನಡುವೆ ಕೂತಿರುವುದು ಅದೇ. ವೇರಿಯಬಲ್ ಹೆಸರಿನಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ಕಾರಣ ತಪ್ಪು ಎಲ್ಲಿದೆ ಎಂದು ತಲೆಕೆಡುತ್ತದೆ.

ಟ್ರೈ ಒಳಗೆ ತಪ್ಪು ಬಂದರೆ ಹಿಡಿಯುವ ಆ ಎಕ್ಸೆಪ್ಟ್ ಸಾಲಿನ ಬಗ್ಗೆ ಒಂದು ಮಾತು. ಅವಳ ಮೂಲ ಪ್ರೋಗ್ರಾಮಿನಲ್ಲಿ ಬರೀ ಎಕ್ಸೆಪ್ಟ್ ಇತ್ತು, ಯಾವ ತಪ್ಪು ಎಂದು ಹೇಳಿರಲಿಲ್ಲ. ಬರೀ ಎಕ್ಸೆಪ್ಟ್ ಎಲ್ಲವನ್ನೂ ಹಿಡಿಯುತ್ತದೆ. ಹೊರಗೆ ಹೋಗಲು ಕಂಟ್ರೋಲ್ ಮತ್ತು ಸಿ ಒತ್ತಿದರೆ ಅದನ್ನೂ ಹಿಡಿದು ಮತ್ತೆ ತೂಕ ಕೇಳುತ್ತದೆ. ಕೋಡ್‌ನಲ್ಲಿ ಹೆಸರು ತಪ್ಪು ಬರೆದಿದ್ದರೆ ಆ ತಪ್ಪನ್ನೂ ಮುಚ್ಚಿಹಾಕಿ, ಸರಿಯಾಗಿ ಟೈಪ್ ಮಾಡಿದವರಿಗೂ "ಮತ್ತೆ ಹಾಕಿ" ಎನ್ನುತ್ತದೆ. ವ್ಯಾಲ್ಯೂ ಎರರ್, ಅಂದರೆ ಕೊಟ್ಟದ್ದನ್ನು ಸಂಖ್ಯೆ ಮಾಡಲಾಗದಿದ್ದಾಗ ಬರುವ ತಪ್ಪು, ಅದೊಂದನ್ನೇ ಹಿಡಿಯಿರಿ. ಉಳಿದವು ಬೀಳಲಿ, ಬಿದ್ದರೇ ಗೊತ್ತಾಗುವುದು.

ಗುಮಾಸ್ತರ ಕೈ ಏನು ಒತ್ತುತ್ತದೆ

ಲೂಪ್ ಆಯಿತು. ಈಗ ತೂಕ_ಓದು ಎಂಬ ಫಂಕ್ಷನ್. ಇದನ್ನು ಕೇಳುವ ಫಂಕ್ಷನ್‌ನಿಂದ ಬೇರೆ ಮಾಡಿದ್ದಕ್ಕೆ ಕಾರಣ ಇದೆ. ಇದಕ್ಕೆ ಕೀಬೋರ್ಡ್ ಬೇಡ, ಒಂದು ಸ್ಟ್ರಿಂಗ್ ಕೊಟ್ಟರೆ ಸಂಖ್ಯೆ ಕೊಡುತ್ತದೆ, ಅಥವಾ ಏನು ತಪ್ಪೆಂದು ಹೇಳುತ್ತದೆ. ಹಾಗಾಗಿ ಗುಮಾಸ್ತರನ್ನು ಕರೆಯದೆ ಎಷ್ಟು ಬೇಕಾದರೂ ಪರೀಕ್ಷೆ ಮಾಡಬಹುದು.

ಪರೀಕ್ಷೆಗೆ ಏನು ಕೊಡುವುದು? ನಾವೇ ಕೂತು ಊಹಿಸಲಿಲ್ಲ. ಅಂಗಡಿಗೆ ಹೋಗಿ ಅವರ ಪಕ್ಕದಲ್ಲಿ ನಿಂತು ನೋಡಿದೆವು. ಅವರು ಒತ್ತಿದ್ದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. 9480 ಇತ್ತು. 9,480 ಇತ್ತು. 009480 ಇತ್ತು, ಕಾಟಾದ ಚೀಟಿಯಲ್ಲಿ ಹಾಗೇ ಮುದ್ರಣವಾಗಿರುತ್ತದೆ. 9480 ಕೆಜಿ ಇತ್ತು. ದರ ಕೇಳಿದಾಗ 1700/- ಇತ್ತು. ಜೀವನವಿಡೀ ಖಾತೆ ಪುಸ್ತಕದಲ್ಲಿ ಹಾಗೇ ಬರೆದ ಕೈ ಅದು. ಕನ್ನಡ ಕೀಬೋರ್ಡ್ ಆನ್ ಇದ್ದಾಗ ೯೪೮೦ ಎಂದೂ ಇತ್ತು. ಇವೆಲ್ಲವೂ ಸರಿ. ಒಂದರಲ್ಲೂ ಗುಮಾಸ್ತರ ತಪ್ಪಿಲ್ಲ.

ಪೈಥಾನ್‌ನ ಇಂಟ್ ಇವುಗಳಲ್ಲಿ ಏನೇನು ಒಪ್ಪುತ್ತದೆ ಎಂದು ಒಂದೊಂದಾಗಿ ಕೊಟ್ಟು ನೋಡಿದೆವು. ಮುಂದೆ ಹಿಂದೆ ಖಾಲಿ ಜಾಗ ಇದ್ದರೆ ಒಪ್ಪುತ್ತದೆ. ಮುಂದಿನ ಸೊನ್ನೆಗಳನ್ನೂ ಒಪ್ಪುತ್ತದೆ. ಅಲ್ಪವಿರಾಮ ಇದ್ದರೆ ವ್ಯಾಲ್ಯೂ ಎರರ್. ಕೆಜಿ ಎಂದಿದ್ದರೆ ವ್ಯಾಲ್ಯೂ ಎರರ್. ೯೪೮೦ ಕೊಟ್ಟಾಗ ಅವಳು "ಇದು ಖಂಡಿತ ಆಗಂಗಿಲ್ಲ" ಎಂದಿದ್ದಳು. ಪೈಥಾನ್ ಏನೂ ಗೊಣಗದೆ 9480 ಎಂದು ಕೊಟ್ಟಿತು! ಯೂನಿಕೋಡ್‌ನಲ್ಲಿ ದಶಮಾನ ಅಂಕಿ ಎಂದು ಗುರುತಿಸಿದ ಯಾವ ಲಿಪಿಯ ಅಂಕಿಯನ್ನಾದರೂ ಇಂಟ್ ಓದುತ್ತದೆ. ಚುಕ್ಕಿ ಇರುವ ಸಂಖ್ಯೆ ಓದುವ ಫ್ಲೋಟ್ ಕೂಡ ಅಷ್ಟೇ. ಅಂದರೆ ಕನ್ನಡ ಅಂಕಿಗೆ ಬೆಂಬಲ ಮೊದಲಿನಿಂದಲೇ ಇತ್ತು, ಅವಳ ಪ್ರೋಗ್ರಾಂ ಅದನ್ನು ತಡೆದಿತ್ತು. ಎಲ್ಲಿಂದಲೋ ತಂದು ಹಾಕಿದ ಒಂದು ತಪಾಸಣೆ, ಇಂಗ್ಲಿಷ್ ಕೀಲಿಯ 0ಯಿಂದ 9ರವರೆಗಿನ ಅಕ್ಷರಗಳನ್ನಷ್ಟೇ ಬಿಡುತ್ತಿತ್ತು. ಅದನ್ನು ತೆಗೆದು, ಯಾವ ಲಿಪಿಯ ಅಂಕಿಯನ್ನಾದರೂ ಒಪ್ಪುವ ಈಸ್‌ಡೆಸಿಮಲ್ ಎಂಬ ತಪಾಸಣೆ ಹಾಕಿದೆವು. ಕೊಪ್ಪಳ ಜಿಲ್ಲೆಯ ಅಂಗಡಿಯಲ್ಲಿ ಕನ್ನಡ ಅಂಕಿ ಒತ್ತಿದರೆ "ತಪ್ಪು" ಎನ್ನುವ ಪ್ರೋಗ್ರಾಂ ನನಗೆ ಬೇಡ.

ಇಷ್ಟಾದ ಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಒಂದೇ ಅರ್ಥ ಬರುವಂತಿದ್ದರೆ ಸುಮ್ನೆ ಒಪ್ಪಿಕೊಳ್ಳಬೇಕು, ಮನುಷ್ಯನಿಗೆ ಪಾಠ ಹೇಳಬಾರದು. ಎರಡು ಅರ್ಥ ಬರುವಂತಿದ್ದರೆ ಊಹೆ ಮಾಡಬಾರದು, ಕೇಳಬೇಕು.

ಅಲ್ಪವಿರಾಮ ತೆಗೆದುಹಾಕುವುದು ಮೊದಲ ಜಾತಿಗೆ ಸೇರಿದ್ದು. ಆದರೂ ಕೊನೆಯ ಅಲ್ಪವಿರಾಮದ ನಂತರ ಸರಿಯಾಗಿ ಮೂರು ಅಂಕಿ ಇದ್ದರೆ ಮಾತ್ರ ತೆಗೆಯುತ್ತೇವೆ. ನಮ್ಮ ಲಕ್ಷದ ಪದ್ಧತಿಯಲ್ಲಿ 1,41,666 ಎಂದು ಬರೆದರೂ ಕೊನೆಯಲ್ಲಿ ಮೂರೇ ಅಂಕಿ ಇರುತ್ತವೆ. 94,80 ಎಂದು ಬಂದರೆ ಕೈ ಜಾರಿದೆ ಎಂದರ್ಥ.

ಚುಕ್ಕಿ ಎರಡನೇ ಜಾತಿ. ಇದು ಪಕ್ಕದಲ್ಲಿ ನಿಂತು ನೋಡದಿದ್ದರೆ ನಮಗೆ ಸಿಗುತ್ತಲೇ ಇರಲಿಲ್ಲ. ಗುಮಾಸ್ತರು ಅಂಕಿ ಒತ್ತುವುದು ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡಿನಲ್ಲಿ. ಅವರ ಕೀಬೋರ್ಡಿನ ಆ ಪ್ಯಾಡಿನಲ್ಲಿ ಚುಕ್ಕಿ ಇದೆ, ಅಲ್ಪವಿರಾಮ ಇಲ್ಲ. ಅವರು ಕಣ್ಣನ್ನು ಚೀಟಿಯ ಮೇಲಿಂದ ಎತ್ತದೆ 9.480 ಎಂದು ಒತ್ತುತ್ತಿದ್ದರು. ಇಂಟ್ ಇದನ್ನು ತಳ್ಳಿಹಾಕುತ್ತದೆ, ಪುಣ್ಯ. ಅವಳು ಈ ತೊಂದರೆ ಪರಿಹರಿಸಲು ಇಂಟ್ ತೆಗೆದು ಫ್ಲೋಟ್ ಹಾಕಿದ್ದಳು. ಫ್ಲೋಟ್ ಇದನ್ನು ಖುಷಿಯಿಂದ ಒಪ್ಪಿ ಒಂಬತ್ತೂವರೆ ಕೆಜಿಗೆ ತುಸು ಕಡಿಮೆ ಎಂದುಕೊಳ್ಳುತ್ತದೆ! ಇನ್ನು ಕೆಲವರು ತೂಕವನ್ನು ಕ್ವಿಂಟಲ್‌ನಲ್ಲಿ ಹೇಳುತ್ತಾರೆ, ಆಗ 94.80 ಬರುತ್ತದೆ. ಈಗ ಚುಕ್ಕಿ ಕಂಡರೆ ಪ್ರೋಗ್ರಾಂ "9.480 ಎಂದು ಬಂದಿದೆ. 9480 ಕೆಜಿ ಎಂದೇ?" ಎಂದು ಕೇಳುತ್ತದೆ. ಹೌದು ಎಂದರೆ ಮುಂದೆ.

ಆ ಅಂಗಡಿಯವರು ಹೋಗುವ ಕಾಟಾ 10 ಕೆಜಿ ಲೆಕ್ಕದಲ್ಲಿ ತೋರಿಸುತ್ತದೆ. ಹಾಗಾಗಿ ತೂಕದ ಕೊನೆಯ ಅಂಕಿ ಯಾವಾಗಲೂ ಸೊನ್ನೆ. ಇದನ್ನು ಹೇಳಿದ್ದು ಗುಮಾಸ್ತರೇ. "ಕಡೀಗೆ ಸೊನ್ನಿ ಇಲ್ಲಂದ್ರ ಅದು ಕಾಟಾ ಚೀಟಿನ ಅಲ್ಲ ತಮ್ಮ" ಎಂದರು. ಒಂದು ಸಾಲಿನ ತಪಾಸಣೆ, ಅರ್ಧ ಕೈತಪ್ಪುಗಳನ್ನು ಅದೊಂದೇ ಹಿಡಿಯುತ್ತದೆ. ಕೆಲಸ ಮಾಡುವವರ ಬಾಯಿಂದ ಬರುವ ಇಂಥ ಮಾತು ಯಾವ ಪಾಠದಲ್ಲೂ ಸಿಗುವುದಿಲ್ಲ.

ದರದ್ದು ಇನ್ನೂ ದೊಡ್ಡ ಕತೆ. ಮೊದಲನೆಯದಾಗಿ, ದರ ಓದುವ ಸಾಲಿನಲ್ಲಿ ಇವಾಲ್ ಇತ್ತು. 1700+20 ಎಂದು ಒತ್ತಿದರೂ ಲೆಕ್ಕ ಆಗಲಿ ಎಂದು ಹಾಕಿದ್ದಳು. ಪೈಥಾನ್ 2ರಲ್ಲಿ ಇನ್‌ಪುಟ್ ಎಂಬುದೇ ಹಾಗಿತ್ತು, ಟೈಪ್ ಮಾಡಿದ್ದನ್ನು ಕೋಡ್ ಎಂದು ನಡೆಸುತ್ತಿತ್ತು. ಬರೀ ಅಕ್ಷರ ಬೇಕಿದ್ದರೆ ರಾ ಇನ್‌ಪುಟ್ ಎಂಬ ಬೇರೆ ಫಂಕ್ಷನ್ ಬಳಸಬೇಕಿತ್ತು. 2008ರಲ್ಲಿ ಬಂದ ಪೈಥಾನ್ 3 ಇದನ್ನು ಬದಲಿಸಿತು, 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೂ ಮುಗಿಯಿತು. ಹಳೆಯ ಪಾಠಗಳು ಮಾತ್ರ ಇನ್ನೂ ಓಡಾಡುತ್ತಿವೆ, ಅವನ್ನು ನೋಡಿ ಕಲಿಯುವವರು ಗೊಂದಲಕ್ಕೆ ಬೀಳುತ್ತಾರೆ. ಇವಾಲ್ ಕೊಟ್ಟರೆ ಟೈಪ್ ಮಾಡಿದವರು ಫೈಲ್ ಅಳಿಸುವ ಸಾಲನ್ನೂ ನಡೆಸಬಹುದು. ಗುಮಾಸ್ತರು ಹಾಗೆ ಮಾಡುವುದಿಲ್ಲ, ನಿಜ. ಆದರೂ ಆ ಬಾಗಿಲು ತೆರೆದಿಡಬಾರದು. ಅಲ್ಲದೆ 01700 ಎಂದರೆ ಇವಾಲ್ ಬೀಳುತ್ತದೆ, ಏಕೆಂದರೆ ಪೈಥಾನ್ 3ರ ಕೋಡ್‌ನಲ್ಲಿ ಸಂಖ್ಯೆಯ ಮುಂದೆ ಸೊನ್ನೆ ಇರುವಂತಿಲ್ಲ. ತೆಗೆದುಹಾಕಿದೆವು.

ದರಕ್ಕೆ ಪೈಸೆ ಬೇಕು, ಹಾಗಾಗಿ ಚುಕ್ಕಿ ಬೇಕು. ಫ್ಲೋಟ್ ಹಾಕಿದರೆ ಏನಾಗುತ್ತದೆ ಎಂದು ಒಂದು ಪ್ರಯೋಗ ಮಾಡಿದೆವು. ಕೀಬೋರ್ಡಿನಲ್ಲಿ 3 ಮತ್ತು 4ರ ಕೆಳಗೇ ಇಂಗ್ಲಿಷಿನ ಇ ಅಕ್ಷರ ಇದೆ. 1635 ಒತ್ತುವಾಗ ಬೆರಳು ಜಾರಿ 3ರ ಬದಲು ಇ ಬಿದ್ದರೆ? ಫ್ಲೋಟ್ ಅದನ್ನು ತಪ್ಪು ಎನ್ನುವುದಿಲ್ಲ. ಹದಿನಾರರ ಮುಂದೆ ಐದು ಸೊನ್ನೆ ಎಂದು ಓದುತ್ತದೆ. ಚೀಲಕ್ಕೆ 16,00,000 ರೂಪಾಯಿ! ಹಾಗಾಗಿ ಫ್ಲೋಟ್‌ಗೂ ಮೊದಲು ನಮ್ಮದೇ ತಪಾಸಣೆ: ಅಂಕಿಗಳು, ಹೆಚ್ಚೆಂದರೆ ಒಂದು ಚುಕ್ಕಿ, ಬೇರೇನೂ ಇಲ್ಲ. ಅದರ ಮೇಲೆ, ಹಣಕ್ಕೆ ಫ್ಲೋಟ್ ಬೇಡವೇ ಬೇಡ ಎಂದು ತೀರ್ಮಾನಿಸಿ, ಪೈಸೆಯನ್ನು ಬರೆದ ಹಾಗೇ ಇಟ್ಟುಕೊಳ್ಳುವ ಡೆಸಿಮಲ್ ಹಾಕಿದೆವು. 0.1 ಮತ್ತು 0.2 ಕೂಡಿ ಅಂದರೆ 0.30000000000000004 ಎನ್ನುವ ವಸ್ತುವಿನ ಮೇಲೆ ರೈತರ ಹಣದ ಲೆಕ್ಕ ಕಟ್ಟುವುದು ಸರಿಯಲ್ಲ.

ದರದ ದೊಡ್ಡ ಪ್ರಶ್ನೆ ಅಂಕಿಯದ್ದಲ್ಲ, ಅಳತೆಯದ್ದು. ಅಂಗಡಿಯ ದರ 75 ಕೆಜಿ ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,369 ರೂಪಾಯಿ. ಯಾರೋ ಅದನ್ನೇ ದರದ ಜಾಗದಲ್ಲಿ ಒತ್ತಿದರೆ ಪ್ರೋಗ್ರಾಂ ಚೀಲಕ್ಕೆ ಎಂದುಕೊಳ್ಳುತ್ತದೆ. ಮೇಲಿನ 6,250 ಕೆಜಿಗೇ ಲೆಕ್ಕ ಹಾಕಿ ನೋಡಿ. ಕ್ವಿಂಟಲ್ ಲೆಕ್ಕದಲ್ಲಿ 1,48,062 ರೂಪಾಯಿ 50 ಪೈಸೆ. ಚೀಲದ ಲೆಕ್ಕದಲ್ಲಿ 1,97,416 ರೂಪಾಯಿ 67 ಪೈಸೆ. ಒಂದು ಗಾಡಿಗೆ 49,000ಕ್ಕೂ ಜಾಸ್ತಿ ವ್ಯತ್ಯಾಸ. ಎರಡೂ ಸಂಖ್ಯೆ, ಎರಡೂ ನಂಬುವಂತಿವೆ, ಯಾವ ಎರರ್ ಕೂಡ ಬರುವುದಿಲ್ಲ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆವು. "ದರ:" ಎಂದಷ್ಟೇ ಇದ್ದದ್ದು ಈಗ "75 ಕೆಜಿ ಚೀಲದ ದರ, ರೂಪಾಯಿಯಲ್ಲಿ:" ಎಂದಾಗಿದೆ. ಉತ್ತರ ಕೊಟ್ಟ ಮೇಲೆ "ಅಂದರೆ ಕ್ವಿಂಟಲ್‌ಗೆ ಇಷ್ಟು" ಎಂದು ತಿರುಗಿಸಿಯೂ ತೋರಿಸುತ್ತದೆ. 1,700ಕ್ಕೆ 2,266 ರೂಪಾಯಿ 67 ಪೈಸೆ. ದಿನವೂ ದರ ನೋಡುವ ಕಣ್ಣಿಗೆ ತಪ್ಪಿದ್ದರೆ ತಕ್ಷಣ ತಿಳಿಯುತ್ತದೆ.

ತಪ್ಪಾದಾಗ ತೋರಿಸುವ ಮಾತನ್ನೂ ತಿದ್ದಿದೆವು. ಪೈಥಾನ್‌ನ ಇಂಗ್ಲಿಷ್ ಸಾಲು ಗುಮಾಸ್ತರಿಗೆ ಏನೂ ಹೇಳುವುದಿಲ್ಲ. "ತಪ್ಪು ಇನ್‌ಪುಟ್" ಎಂಬ ಕನ್ನಡವೂ ಹೇಳುವುದಿಲ್ಲ. ಈಗ ಅವರು ಒತ್ತಿದ್ದನ್ನು ಹಾಗೇ ತೋರಿಸಿ, ಏನು ಬೇಕಿತ್ತೆಂದು ಒಂದು ಉದಾಹರಣೆ ಕೊಡುತ್ತದೆ: "94,80 ಎಂದು ಬಂದಿದೆ. ಕೆಜಿಯಲ್ಲಿ ಹಾಕಿ, 9480 ಅಥವಾ 9,480 ಈ ರೀತಿ." ಮತ್ತೆ ಕೇಳುವುದು ಆ ಒಂದು ಪ್ರಶ್ನೆಯನ್ನು ಮಾತ್ರ. ಮೊದಲೆಲ್ಲ ದರ ತಪ್ಪಿದರೆ ಗಾಡಿ ತೂಕದಿಂದ ಮತ್ತೆ ಶುರು ಮಾಡಬೇಕಿತ್ತು. ಸಾಲಿನಲ್ಲಿ ನಿಂತ ರೈತರ ಮುಂದೆ ಅದು ಸಹಿಸುವ ಮಾತಲ್ಲ.

ಇಲ್ಲ ಎಂದರೂ ಅಳಿಸಿದ ಸಾಲು

ಹೆಸರಿನದ್ದು ಬೇಗ ಮುಗಿಯಿತು. ಬಸವರಾಜ, ಬಸವರಾಜು, ಬಸಣ್ಣ ಮೂವರೂ ಒಬ್ಬರೇ ಇರಬಹುದು, ಅದನ್ನು ಯಾವ ಕೋಡ್ ಕೂಡ ಹೇಳಲಾರದು. ಪರದೆ ಮೇಲೆ ಒಂದೇ ರೀತಿ ಕಾಣುವ ಹೆಸರೂ ಒಳಗೆ ಬೇರೆ ಇರಬಹುದು. "ಕೊ" ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಅಕ್ಷರವಾಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ನಿಂದ ಎರಡನ್ನೂ ಒಂದು ಮಾಡಬಹುದು. ಕಾಣದ ಅಕ್ಷರವನ್ನು, ಹಿಂದೆ ಮುಂದೆ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ತೆಗೆಯುವುದಿಲ್ಲ, ಅದನ್ನು ನಾವೇ ರಿಪ್ಲೇಸ್ ಮಾಡಬೇಕು. ಎರಡನ್ನೂ ಮಾಡಿದೆವು. ಆದರೆ ನಿಜವಾದ ಪರಿಹಾರ ಬೇರೆ: ಹೆಸರಿನ ಮೊದಲ ಎರಡು ಅಕ್ಷರ ಹಾಕಿದರೆ ಪಟ್ಟಿ ಬರುತ್ತದೆ, ಊರಿನ ಹೆಸರಿನ ಜೊತೆಗೆ. ಗುಮಾಸ್ತರು ನಂಬರ್ ಒತ್ತಿ ಆರಿಸುತ್ತಾರೆ. ಟೈಪ್ ಮಾಡಿಸುವುದಕ್ಕಿಂತ ಆರಿಸಲು ಕೊಡುವುದು ಎಷ್ಟೋ ಮೇಲು.

ಕೊನೆಯ ಸಿಕ್ಕು ನನಗೆ ನಿಜವಾಗಿ ಭಯ ಹುಟ್ಟಿಸಿತು. ತಪ್ಪಾಗಿ ಬರೆದ ಗಾಡಿಯನ್ನು ಪಟ್ಟಿಯಿಂದ ಅಳಿಸಲು ಒಂದು ಆಯ್ಕೆ ಇತ್ತು. "ಅಳಿಸಲಾ?" ಎಂದು ಕೇಳುತ್ತದೆ. ಅವಳು ಬರೆದ ಷರತ್ತನ್ನು ಬಾಯಲ್ಲಿ ಓದಿದರೆ ಹೀಗಿತ್ತು: ಉತ್ತರ "ಹೌದು" ಆಗಿದ್ದರೆ ಅಥವಾ "ಹೂಂ", ಅಳಿಸು. ಮಾತಿನಲ್ಲಿ ಇದು ಪೂರ್ತಿ ಸರಿ. ಪೈಥಾನ್‌ಗೆ ಮಾತ್ರ ಇದು ಎರಡು ಬೇರೆ ಪ್ರಶ್ನೆ. ಉತ್ತರ "ಹೌದು" ಆಗಿದೆಯಾ ಎಂಬುದು ಒಂದು. ಅದಿಲ್ಲದಿದ್ದರೆ, "ಹೂಂ" ಎಂಬ ಸ್ಟ್ರಿಂಗ್ ನಿಜವಾ ಎಂಬುದು ಇನ್ನೊಂದು. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಪೈಥಾನ್‌ಗೆ ನಿಜವೇ. ಹಾಗಾಗಿ "ಇಲ್ಲ" ಎಂದರೂ ಅಳಿಸುತ್ತದೆ. "ಬ್ಯಾಡ" ಎಂದರೂ ಅಳಿಸುತ್ತದೆ. ಸುಮ್ನೆ ಎಂಟರ್ ಒತ್ತಿದರೂ ಅಳಿಸುತ್ತದೆ.

ನಾವು "ಇಲ್ಲ" ಎಂದು ಒತ್ತಿ ಪಟ್ಟಿ ತೆರೆದೆವು. ಗಾಡಿ ಇರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿ ಕಾಗದದ ಖಾತೆ ಪುಸ್ತಕ ಇದ್ದದ್ದರಿಂದ ಅಂಗಡಿಯಲ್ಲಿ ಯಾವ ರೈತರ ಲೆಕ್ಕವೂ ತಪ್ಪಿರಲಿಲ್ಲ. ಗುಮಾಸ್ತರು ಆ ಪುಸ್ತಕವನ್ನು ಬಿಟ್ಟಿರಲಿಲ್ಲ, ಅದಕ್ಕೆ ಅವರಿಗೆ ದೊಡ್ಡ ನಮಸ್ಕಾರ.

ಈಗ ಒಪ್ಪುವ ಉತ್ತರಗಳನ್ನು ಒಂದು ಗುಂಪಿನಲ್ಲಿಟ್ಟು, ಉತ್ತರ ಆ ಗುಂಪಿನಲ್ಲಿ ಇದೆಯಾ ಎಂದು ಇನ್ ಎಂಬ ಪದದಿಂದ ನೋಡುತ್ತೇವೆ: ಹೌದು, ಹೂಂ, ಹೌದ್ರಿ, ಇಂಗ್ಲಿಷಿನ ವೈ. ಆ ಗುಂಪಿನಲ್ಲಿ ಇಲ್ಲದ್ದೆಲ್ಲ "ಇಲ್ಲ" ಎಂದೇ ಲೆಕ್ಕ. ಅಳಿಸುವಂಥ ಕೆಲಸಕ್ಕೆ ಅನುಮಾನ ಇದ್ದರೆ ಮಾಡಬಾರದು. ಅಲ್ಲದೆ, ಈಗ ಅಳಿಸಿದರೂ ಸಾಲು ಫೈಲ್‌ನಿಂದ ಹೋಗುವುದಿಲ್ಲ, "ರದ್ದು" ಎಂಬ ಗುರುತು ಮಾತ್ರ ಬೀಳುತ್ತದೆ. ಪ್ರತಿ ಗಾಡಿಯೂ ಮುಗಿದ ಕೂಡಲೇ ಫೈಲ್‌ಗೆ ಬರೆಯುತ್ತದೆ, ಕರೆಂಟ್ ಹೋದರೆ ಹೆಚ್ಚೆಂದರೆ ಕೈಯಲ್ಲಿದ್ದ ಒಂದು ಗಾಡಿ ಹೋಗುತ್ತದೆ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದೆಲ್ಲ ಈಗ ಒಂದು ಪರೀಕ್ಷೆಯ ಫೈಲ್ ಆಗಿದೆ. ಎಡಕ್ಕೆ ಗುಮಾಸ್ತರು ಒತ್ತಿದ್ದು, ಬಲಕ್ಕೆ ಬರಬೇಕಾದ ಸಂಖ್ಯೆ ಅಥವಾ ತಪ್ಪಿನ ಮಾತು. ಕೋಡ್ ಮುಟ್ಟಿದಾಗಲೆಲ್ಲ ಅವಳು ಅದನ್ನು ಓಡಿಸುತ್ತಾಳೆ. ಹೊಸ ರೀತಿಯಲ್ಲಿ ಯಾರಾದರೂ ಒತ್ತಿದ್ದು ಕಂಡರೆ ಮೊದಲು ಅಲ್ಲಿ ಒಂದು ಸಾಲು ಸೇರಿಸುತ್ತಾಳೆ, ಆಮೇಲೆ ಕೋಡ್ ತಿದ್ದುತ್ತಾಳೆ. ಮೊನ್ನೆ ಸೇರಿಸಿದ್ದು 9480-3230, ಎರಡೂ ತೂಕ ಒಂದೇ ಪ್ರಶ್ನೆಗೆ. ಅದನ್ನು ಒಪ್ಪಬೇಕಾ ಬೇಡವಾ ಎಂದು ನಮ್ಮಿಬ್ಬರಲ್ಲಿ ಇನ್ನೂ ವಾದ ನಡೆದಿದೆ. ಅವಳು ಒಪ್ಪೋಣ ಎನ್ನುತ್ತಾಳೆ, ಅರ್ಥ ಒಂದೇ ಅಲ್ವಾ ಎಂದು. ನಾನು, ಖಾಲಿ ಗಾಡಿಯ ತೂಕ ಪಟ್ಟಿಯಲ್ಲಿ ಬೇರೆಯಾಗಿ ಕಾಣಬೇಕು, ಪ್ರಶ್ನೆ ಎರಡೇ ಇರಲಿ ಎನ್ನುತ್ತೇನೆ.

ಮುಂದಿನ ಕೆಲಸ ಕಾಟಾದ್ದು. ತೂಕ ತೋರಿಸುವ ಪೆಟ್ಟಿಗೆಯ ಹಿಂದೆ ಸೀರಿಯಲ್ ಕೇಬಲ್ ಹಚ್ಚುವ ಜಾಗ ಇದೆ. ಕಾಟಾದವರು ಒಪ್ಪಿದರೆ ತೂಕ ನೇರವಾಗಿ ಕಂಪ್ಯೂಟರ್‌ಗೆ ಬರುವಂತೆ ಮಾಡಬಹುದು. ಆಗ ಟೈಪ್ ಮಾಡುವುದೇ ಬೇಡ ಎಂದು ಅವಳು ಕುಣಿದಾಡಿದಳು. ಆ ಕೇಬಲ್‌ನಿಂದ ಬರುವುದೂ ಬರೀ ಬೈಟ್‌ಗಳು, ಕೆಲವೊಮ್ಮೆ ಸಾಲಿನ ಅರ್ಧ ತುಂಡು ಮಾತ್ರ ಬರುತ್ತದೆ. ಅದನ್ನೂ ಮೊದಲು ಪಠ್ಯ ಮಾಡಿ, ಸಾಲು ಪೂರ್ತಿ ಆಗುವವರೆಗೆ ಕಾಯ್ದು, ಅದೇ ತೂಕ_ಓದು ಫಂಕ್ಷನ್‌ಗೆ ಕೊಡಬೇಕು. ಕೇಬಲ್ ತರಲು ಗಂಗಾವತಿಗೆ ಹೋಗಬೇಕು. ಅಷ್ಟರಲ್ಲಿ ಸೀರಿಯಲ್ ಕೇಬಲ್ ಓದಲು ಪೈಥಾನ್‌ಗಿರುವ ಪೈಸೀರಿಯಲ್ ಬಗ್ಗೆ ಓದಿಕೊಂಡಿರು ಎಂದು ಹೇಳಿದ್ದೇನೆ.